ಬಿ.ಎ. ನಡುವೆ ಒಂದು ವರ್ಷ ಬಿಟ್ಟು ಚೀನೀ ಭಾಷೆ ಕಲಿಯಲು ಹೊರದೇಶಕ್ಕೆ ಹೋಗಬಹುದೇ?

ಸಪ್ತಾಪುರದ ಓದುಗಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೇನೆ. ಇತಿಹಾಸ ಮತ್ತು ಇಂಗ್ಲಿಷ್ ನನ್ನ ವಿಷಯಗಳು. ಊರು ನವಲಗುಂದದ ಹತ್ತಿರ. ಇಲ್ಲಿ ಸಪ್ತಾಪುರದ ಪಿ.ಜಿ.ಯೊಂದರಲ್ಲಿ ಇದ್ದೇನೆ. ಕೋಣೆಯ ಗೆಳತಿಯರೆಲ್ಲ ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಾರೆ. ನಾನು ಮಾತ್ರ ರಾತ್ರಿ ಮೊಬೈಲ್ ಹಿಡಿದುಕೊಂಡು ಚೀನೀ ಅಕ್ಷರಗಳನ್ನು ತಿದ್ದುತ್ತಿರುತ್ತೇನೆ. ತಮಾಷೆಗೆಂದು ಶುರುವಾದದ್ದು ಈಗ ಬಿಡಲಾರದಂತೆ ಹಿಡಿದುಕೊಂಡಿದೆ.

ಮೂರನೆಯ ವರ್ಷಕ್ಕೆ ಮೊದಲು ಒಂದು ವರ್ಷ ಚೀನಾಕ್ಕೋ ತೈವಾನಿಗೋ ಹೋಗಿ ಭಾಷೆ ಕಲಿತು ಬರಬೇಕೆಂಬ ಆಸೆ ಇದೆ. ಅಪ್ಪ ಹೊಲ ಮಾಡುತ್ತಾರೆ. ದುಡ್ಡು ಕೈಬಿಚ್ಚಿ ಖರ್ಚು ಮಾಡುವ ಮನೆಯಲ್ಲ. "ಇಂಗ್ಲೆಂಡ್, ಅಮೆರಿಕ ಎಂದರೆ ಊರವರಿಗಾದರೂ ಹೇಳಬಹುದು, ಚೀನಾಕ್ಕೆ ಯಾಕೆ ಹೋಗುತ್ತೀ" ಎಂದು ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಚೀನಾದ ಮುದ್ರೆ ಬಿದ್ದರೆ ಸರ್ಕಾರಿ ನೌಕರಿ ಸಿಗುವುದಿಲ್ಲ ಎಂದು ಗೆಳತಿಯರು ಹೆದರಿಸುತ್ತಿದ್ದಾರೆ. ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ, ಅದೂ ಒಂದು ಚಿಂತೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಇದು ಆಗುವ ಮಾತೇ?

ನೇರಮಾತು, ಹುಬ್ಬಳ್ಳಿ

ತಂಗಿ, ಬೇಸರ ಮಾಡಿಕೊಳ್ಳಬೇಡ. 2020ರಲ್ಲಿ ಚೀನಾ ಗಡಿ ಮುಚ್ಚಿದಾಗ ಅಲ್ಲಿ ಓದುತ್ತಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಇಲ್ಲೇ ಉಳಿದುಕೊಂಡರು. ಹೆಚ್ಚಿನವರು ವೈದ್ಯಕೀಯ ಓದುತ್ತಿದ್ದವರು. 2022ರ ಆಗಸ್ಟಿನವರೆಗೂ ಅವರಿಗೆ ವೀಸಾ ಸಿಗಲಿಲ್ಲ. ಅದೇ 2020ರ ಜೂನ್‌ನಲ್ಲಿ ಲಡಾಖ್ ಗಡಿಯ ಗಾಲ್ವಾನ್‌ನಲ್ಲಿ ಎರಡೂ ಸೇನೆಗಳ ಘರ್ಷಣೆಯೂ ಆಯಿತು. ಹೊಸ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನೀ ಇತ್ತು. ಮರುವರ್ಷ ಅಂತಿಮ ನೀತಿ ಬಂದಾಗ ಜಪಾನಿ ಉಳಿಯಿತು, ಕೊರಿಯನ್, ಥಾಯ್ ಹೊಸದಾಗಿ ಸೇರಿದವು, ಚೀನೀ ಕಾಣೆಯಾಯಿತು. ಎರಡು ದೇಶಗಳ ಸಂಬಂಧ ಕೆಟ್ಟಾಗಲೆಲ್ಲ ಅದರ ಬಿಸಿ ನಿನ್ನ ಓದಿಗೆ ತಟ್ಟುತ್ತದೆ. ಮೇಲಾಗಿ ಈಗ ಮೊಬೈಲ್ ತಾನೇ ಅನುವಾದ ಮಾಡಿ ಮಾತನಾಡುತ್ತದೆ. ಜಪಾನಿ ಕಲಿ; ಅದಕ್ಕೆ ಬೆಂಗಳೂರಿನಲ್ಲಿ ಕೆಲಸವಿದೆ.

ಮರಳಿ ಬಂದವಳು, ವಿದ್ಯಾಗಿರಿ

ತಂಗಿ, ನಾನು ಪದವಿ ಮುಗಿಸಿದ ಮೇಲೆ ಕುನ್‌ಮಿಂಗ್‌ನಲ್ಲಿ ಒಂದು ಶೈಕ್ಷಣಿಕ ವರ್ಷ ಭಾಷೆ ಓದಿ ಬಂದವಳು. ಅದು ಯುನ್ನಾನ್ ಪ್ರಾಂತ್ಯದ ರಾಜಧಾನಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಚೀನೀಯರು ಅದನ್ನು ವಸಂತ ನಗರಿ ಎಂದು ಕರೆಯುತ್ತಾರೆ. ಧಾರವಾಡದ ಹವೆಗೆ ಒಗ್ಗಿದ ಮೈಗೆ ಬೀಜಿಂಗ್, ಹಾರ್ಬಿನ್‌ಗಳ ಚಳಿಗಿಂತ ಅದು ಎಷ್ಟೋ ವಾಸಿ.

ಹೋಗು, ಆದರೆ ಅ ಆ ಇ ಈ ಕಲಿಯಲು ಅಲ್ಲಿಯವರೆಗೆ ಹೋಗಬೇಡ. ನನ್ನ ಅಭಿಪ್ರಾಯ ಇಷ್ಟೇ. ಉಳಿದದ್ದು ಯಾಕೆ ಎಂಬ ವಿವರಣೆ.

ಅಲ್ಲಿನ ಭಾಷಾ ತರಗತಿಯಲ್ಲಿ ಮೊದಲ ದಿನದಿಂದಲೇ ಶಿಕ್ಷಕಿ ಚೀನೀ ಭಾಷೆಯಲ್ಲೇ ಮಾತನಾಡುತ್ತಾರೆ. ಪಕ್ಕದ ಬೆಂಚಿನಲ್ಲಿ ವಿಯೆಟ್ನಾಂನವರು, ಕೊರಿಯಾದವರು, ಥಾಯ್ಲೆಂಡಿನವರು ಇರುತ್ತಾರೆ. ಕೊರಿಯನ್ ಮತ್ತು ವಿಯೆಟ್ನಾಮಿ ಭಾಷೆಗಳಲ್ಲಿ ಚೀನೀ ಮೂಲದ ಪದಗಳು ರಾಶಿ ರಾಶಿ ಇವೆ. ನಮಗೆ ಸಂಸ್ಕೃತ ಗೊತ್ತಿದ್ದರೆ ಮರಾಠಿ ಪತ್ರಿಕೆ ಅರೆಬರೆ ಅರ್ಥವಾಗುವ ಹಾಗೆ ಅವರಿಗೆ ಪಾಠ ಅರ್ಥವಾಗಿಬಿಡುತ್ತದೆ. ವಿಯೆಟ್ನಾಂ, ಥಾಯ್ಲೆಂಡಿನವರ ಸ್ವಂತ ಭಾಷೆಗಳಲ್ಲೇ ಸ್ವರದ ಏರಿಳಿತವಿದೆ. ಚೀನೀ ಪದದ ಅರ್ಥ ಬದಲಿಸುವ ದನಿಯ ನಾಲ್ಕು ಏರಿಳಿತ, ಅಂದರೆ ನಾಲ್ಕು ಸ್ವರ, ಎಂದರೆ ಅವರಿಗೆ ಗಾಬರಿಯಿಲ್ಲ. ಕನ್ನಡದವಳು ಈ ಎರಡೂ ಇಲ್ಲದೆ ಕುಳಿತಿರುತ್ತಾಳೆ. ಶೂನ್ಯದಿಂದ ಹೊರಟವರು ಮೊದಲ ಸೆಮಿಸ್ಟರನ್ನೆಲ್ಲ ಉಚ್ಚಾರಣೆ ಮತ್ತು ಅಕ್ಷರ ತಿದ್ದುವುದರಲ್ಲೇ ಕಳೆಯುತ್ತಾರೆ. ಆ ಕೆಲಸ ಸಪ್ತಾಪುರದಲ್ಲಿ ಕುಳಿತು ಪುಕ್ಕಟೆ ಆಗುತ್ತದೆ.

ಎರಡನೆಯದು ಸಂಜೆಯ ಹೊತ್ತು. ನಮ್ಮಲ್ಲಿ ಪಾಠ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ವಿದೇಶಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಸತಿಗೃಹ. ಚೀನೀ ವಿದ್ಯಾರ್ಥಿಗಳು ಬೇರೆ ಕಟ್ಟಡದಲ್ಲಿರುತ್ತಾರೆ. ಮಾತು ಬಾರದವರು ಸಹಜವಾಗಿ ಭಾರತ, ನೇಪಾಳ, ಬಾಂಗ್ಲಾದೇಶದ ವಿದ್ಯಾರ್ಥಿಗಳ ಜೊತೆ ಸೇರಿಬಿಡುತ್ತಾರೆ. ಒಂದು ವರ್ಷ ಚೀನಾದಲ್ಲಿದ್ದು ಹಿಂದಿಯನ್ನು ಚೆನ್ನಾಗಿ ಸುಧಾರಿಸಿಕೊಂಡು ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ, ಐದಾರು ನೂರು ಪದ ಕೈಯಲ್ಲಿ ಹಿಡಿದುಕೊಂಡು ಹೋದವರು ಮೊದಲ ವಾರದಿಂದಲೇ ತರಕಾರಿ ಮಾರುವವರ ಜೊತೆ, ವಸತಿಗೃಹದ ಕಾವಲುಗಾರರ ಜೊತೆ ಮಾತಿಗಿಳಿಯುತ್ತಾರೆ. ಆ ಕಾವಲುಗಾರರು ಯುನ್ನಾನ್ ಧಾಟಿಯಲ್ಲಿ ಮಾತನಾಡುತ್ತಾರೆ, ಪಠ್ಯದ ಭಾಷೆಯಲ್ಲಲ್ಲ. ಆರಂಭದಲ್ಲಿ ಕಂಗಾಲಾಗುತ್ತೀ. ಆಗಲಿ ಬಿಡು, ಬೀದರ್‌ನವರ ಮಾತು ಮಂಗಳೂರಿನವರಿಗೆ ಒಂದೇ ದಿನಕ್ಕೆ ತಿಳಿಯುತ್ತದೆಯೇ?

ಮೂರನೆಯದು ದುಡ್ಡು. ಚೀನಾ ಸರ್ಕಾರದ ವಿದ್ಯಾರ್ಥಿವೇತನವನ್ನು ಸಿಎಸ್‌ಸಿ ಎನ್ನುತ್ತಾರೆ. ಬೋಧನಾ ಶುಲ್ಕವಿಲ್ಲ, ವಸತಿ ಇದೆ. ತಿಂಗಳಿಗೆ ಪದವಿ ವಿದ್ಯಾರ್ಥಿಗಳಿಗೆ 2,500 ಯುವಾನ್, ಭಾಷೆ ಕಲಿಯಲು ಬರುವ ಸಾಮಾನ್ಯ ಅಭ್ಯಾಸಿಗಳಿಗೆ 3,000 ಯುವಾನ್ ಕೊಡುತ್ತಾರೆ. ಒಂದು ಯುವಾನ್‌ಗೆ ಸುಮಾರು 12 ರೂಪಾಯಿ ಎಂದು ಲೆಕ್ಕ ಹಾಕಿಕೋ. ಇನ್ನೊಂದು, ಚೀನೀ ಭಾಷಾ ಶಿಕ್ಷಕರ ಹೆಸರಿನ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನ. ಮೊದಲು ಅದಕ್ಕೆ ಕನ್‌ಫ್ಯೂಷಿಯಸ್ ಸಂಸ್ಥೆಯ ಹೆಸರಿತ್ತು. ಒಂದು ವರ್ಷದ ಭಾಷಾ ಕಲಿಕೆಗೂ ಅದು ಸಿಗುತ್ತದೆ. ಆದರೆ ಎಚ್‌ಎಸ್‌ಕೆ ಪರೀಕ್ಷೆಯ ಅಂಕಪಟ್ಟಿ ಇಲ್ಲದೆ ಅದಕ್ಕೆ ಅರ್ಜಿಯನ್ನೇ ಹಾಕಲಾಗದು. ಎಚ್‌ಎಸ್‌ಕೆ ಎಂದರೆ ಚೀನೀ ಭಾಷೆಯ ಅಧಿಕೃತ ಪರೀಕ್ಷೆ. ಹಳೆಯ ಪಠ್ಯಕ್ರಮದ ಪ್ರಕಾರ ಮೂರನೆಯ ಮಟ್ಟಕ್ಕೆ 600 ಪದ, ನಾಲ್ಕಕ್ಕೆ 1,200, ಐದಕ್ಕೆ 2,500. 2021ರಲ್ಲಿ ಒಂಬತ್ತು ಮಟ್ಟಗಳ ಹೊಸ ಮಾನದಂಡ ಬಂದಿದೆ; ಪದಗಳ ಹೊರೆ ಹೆಚ್ಚಿದೆ. ಪುಸ್ತಕ ಕೊಳ್ಳುವಾಗ ಯಾವ ಪಠ್ಯಕ್ರಮದ್ದು ಎಂದು ನೋಡಿಕೊಂಡು ಕೊಳ್ಳು.

ಆದ್ದರಿಂದ ಬಿ.ಎ. ನಡುವೆ ಬಿಡಬೇಡ. ಮುಗಿಸು. ಮುಗಿಸುವುದರೊಳಗೆ ಇಲ್ಲೇ ಮೂರನೆಯ ಮಟ್ಟ ದಾಟು. ಆಮೇಲೆ ಅವರ ದುಡ್ಡಿನಲ್ಲಿ ಹೋಗು, ಅಪ್ಪನ ದುಡ್ಡಿನಲ್ಲಿ ಬೇಡ.

ಹುಬ್ಬಳ್ಳಿಯಲ್ಲಿ ಒಬ್ಬ ಏಜೆಂಟ್ ನನ್ನ ಪರಿಚಯದ ಹುಡುಗನಿಂದ "ವಿದ್ಯಾರ್ಥಿವೇತನ ಕೊಡಿಸುತ್ತೇನೆ" ಎಂದು ಮುಂಗಡ ಹಣ ತೆಗೆದುಕೊಂಡಿದ್ದ. ಕೊಡಿಸಿದ್ದು ಶುಲ್ಕ ಕಟ್ಟಿ ಓದುವ ಪ್ರವೇಶ ಪತ್ರ. ಅರ್ಜಿ ಹಾಕುವುದು ನೀನೇ ಮಾಡಿಕೊಳ್ಳಬಹುದಾದ ಕೆಲಸ.

ನೇರಮಾತು, ಹುಬ್ಬಳ್ಳಿ

ಅಕ್ಕನವರೇ, ನೀವು ಹೋಗಿ ಬಂದವರು, ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿಂದ ಬಂದ ಮೇಲೆ ಏನು ಕೆಲಸ ಸಿಕ್ಕಿತು ಎಂಬುದನ್ನು ನೀವು ಬರೆಯಲಿಲ್ಲ. ಹುಡುಗಿಯ ಅಪ್ಪ ಕೇಳುವುದು ಅದನ್ನೇ.

ಮರಳಿ ಬಂದವಳು, ವಿದ್ಯಾಗಿರಿ

ಬೆಂಗಳೂರಿನ ಕಂಪನಿಯೊಂದರಲ್ಲಿ ಬಿಲ್ಲು, ಒಪ್ಪಂದ, ದೂರುಗಳನ್ನು ಚೀನೀ ಭಾಷೆಯಲ್ಲಿ ನೋಡಿಕೊಳ್ಳುವ ಕೆಲಸ. ಈಗ ಮನೆಯಿಂದಲೇ ಮಾಡುತ್ತೇನೆ, ಅದಕ್ಕೇ ಧಾರವಾಡದಲ್ಲಿದ್ದೇನೆ. ಇಂಗ್ಲಿಷ್ ಒಂದೇ ಬಲ್ಲವರಿಗಿಂತ ಸಂಬಳ ಹೆಚ್ಚು. ರಾಜಕುಮಾರಿಯ ಬದುಕೇನೂ ಅಲ್ಲ.

ನಿವೃತ್ತ ಮಾಸ್ತರ, ಮಾಳಮಡ್ಡಿ

ಭಾಷಾವಿಜ್ಞಾನ ಓದಿಸುತ್ತಿದ್ದವನು ನಾನು. ಚೀನೀ ಭಾಷೆಯನ್ನು ಪುಸ್ತಕ ಮತ್ತು ಧ್ವನಿಮುದ್ರಿಕೆಗಳಿಂದ ಒಂದಿಷ್ಟು ಕಲಿತಿದ್ದೇನೆ. ಹೋಗುವ ಮೊದಲು ಇಲ್ಲಿಯೇ ಮಾಡಬೇಕಾದದ್ದು ಎಂದು ಆ ಹೆಣ್ಣುಮಗಳು ಬರೆದರಲ್ಲ, ಅದರ ಬಗ್ಗೆ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಮಾಸ್ತರನಿಗೆ ಅಷ್ಟು ರಿಯಾಯಿತಿ ಇರಲಿ.

ಚೀನೀ ಧ್ವನಿಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಅಲ್ಲಿ 1958ರಲ್ಲಿ ಜಾರಿಗೆ ತಂದರು. ಅದನ್ನು ಇಂಗ್ಲಿಷ್ ಓದಿದ ಕಣ್ಣಿನಿಂದ ನೋಡಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಅದರಲ್ಲಿನ ಬಿ ಅಕ್ಷರ ನಮ್ಮ ಬ ಅಲ್ಲ, ಪ. ಪಿ ಅಕ್ಷರ ನಮ್ಮ ಫ. 'ಫೋನ್' ಎಂಬಲ್ಲಿ ಹಲ್ಲಿಗೆ ತುಟಿ ತಾಗಿಸಿ ಹೇಳುವ ಫ ಅಲ್ಲ, 'ಫಲ' ಎಂದು ಹಳೆಯ ಶಾಸ್ತ್ರಿಗಳು ಉಸಿರು ಬಿಟ್ಟು ಹೇಳುತ್ತಿದ್ದ ಮಹಾಪ್ರಾಣ. ಹಾಗೆಯೇ ಡಿ ಎಂದರೆ ತ, ಟಿ ಎಂದರೆ ಥ. ಜಿ ಎಂದರೆ ಕ, ಕೆ ಎಂದರೆ ಖ. ಅಂದರೆ ಆ ಭಾಷೆಯಲ್ಲಿ ಈ ಜೋಡಿಗಳ ವ್ಯತ್ಯಾಸವೆಲ್ಲ ಅಲ್ಪಪ್ರಾಣ ಮಹಾಪ್ರಾಣಗಳದ್ದು. ಗ ಡ ದ ಬ ಇಲ್ಲವೇ ಇಲ್ಲ. ಈ ವ್ಯತ್ಯಾಸಕ್ಕೆ ಇಂಗ್ಲಿಷಿನಲ್ಲಿ ಬೇರೆ ಅಕ್ಷರಗಳಿಲ್ಲ. ನಮಗೆ ವರ್ಣಮಾಲೆಯಲ್ಲೇ ಇದೆ.

ಆದರೆ ಇಲ್ಲೊಂದು ತೊಡಕು. ನಮ್ಮ ಕಡೆಯ ಆಡುಮಾತಿನಲ್ಲಿ ಮಹಾಪ್ರಾಣ ಹೆಚ್ಚುಕಡಿಮೆ ಸತ್ತುಹೋಗಿದೆ. ಬರೆಯುವುದು ಧಾರವಾಡ, ಬಾಯಲ್ಲಿ ಬರುವುದು ದಾರವಾಡ. ಆದ್ದರಿಂದ ತುಟಿಯ ಮುಂದೆ ತೆಳುವಾದ ಕಾಗದ ಹಿಡಿದು ಅಭ್ಯಾಸ ಮಾಡು, ತಾಯಿ. ಫ ಎಂದಾಗ ಕಾಗದ ಅಲುಗಬೇಕು, ಪ ಎಂದಾಗ ಅಲುಗಬಾರದು.

ವ್ಯಾಕರಣದಲ್ಲಿ ನಮಗೆ ಇನ್ನೂ ದೊಡ್ಡ ಲಾಭವಿದೆ. 'ನಾನು ನಿನ್ನೆ ಕೊಂಡ ಪುಸ್ತಕ' ಎನ್ನುವಾಗ ವಿವರಣೆ ಪೂರ್ತಿ ಮುಂದೆ ಬಂದು ಪುಸ್ತಕ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಇದು ತಲೆಕೆಳಗು. ಚೀನೀ ಭಾಷೆಯಲ್ಲಿ 'ವೋ ಚುವೋಥಿಯೆನ್ ಮಾಯ್ ತ ಶು': ನಾನು, ನಿನ್ನೆ, ಕೊಂಡ, ಪುಸ್ತಕ. ನಮ್ಮದೇ ಸಾಲು. ಪ್ರಶ್ನೆ ಮಾಡಬೇಕಾದರೆ ವಾಕ್ಯದ ಕೊನೆಗೆ 'ಮಾ' ಸೇರಿಸುತ್ತಾರೆ, ನಾವು 'ಬಂದನಾ' ಎಂದು ಆ ಸೇರಿಸುವ ಹಾಗೆ. ಯಾರು, ಏನು, ಎಲ್ಲಿ ಎಂಬ ಪದಗಳು ಇಂಗ್ಲಿಷಿನಂತೆ ವಾಕ್ಯದ ಮುಂದಕ್ಕೆ ಓಡುವುದಿಲ್ಲ, ಉತ್ತರ ಎಲ್ಲಿ ಬರಬೇಕೋ ಅಲ್ಲೇ ಕೂರುತ್ತವೆ. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಬೇರೆ ಬೇರೆ ಪದ. ಕ್ರಿಯಾಪದವಂತೂ ಲಿಂಗ, ವಚನ, ಪುರುಷ ಯಾವುದಕ್ಕೂ ಬದಲಾಗುವುದಿಲ್ಲ. ಕರ್ಮ ಮಾತ್ರ ಕ್ರಿಯಾಪದದ ನಂತರ ಬರುತ್ತದೆ, ಅಲ್ಲಿ ಇಂಗ್ಲಿಷಿನ ದಾರಿ. ಇಂಗ್ಲಿಷಿನ ಮೂಲಕ ಚೀನೀ ಕಲಿಸುವ ಪುಸ್ತಕಗಳು ಕನ್ನಡದೊಂದಿಗಿನ ಈ ಹೋಲಿಕೆಯನ್ನು ಹೇಳುವುದಿಲ್ಲ. ಮನಸ್ಸಿನಲ್ಲಿ ಕನ್ನಡದಿಂದಲೇ ನೇರವಾಗಿ ಕಟ್ಟಿಕೊಳ್ಳುವುದು ಸುಲಭ.

ನೇರಮಾತಿನವರಿಗೆ ಒಂದು ಮಾತು. ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಇತ್ತ ಬಂದು ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆಯದೆ ಹೋಗಿದ್ದರೆ ನಮ್ಮ ಬಾದಾಮಿಯ ಇತಿಹಾಸ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು. ಇತಿಹಾಸದ ವಿದ್ಯಾರ್ಥಿನಿ ಅದನ್ನು ಮೂಲದಲ್ಲಿ ಓದಬೇಕೆಂದರೆ ಯಾವ ಮೊಬೈಲ್ ಅನುವಾದ ಸಾಕಾದೀತು?

ಸಂಗೀತದ ಮನೆ, ಹುಬ್ಬಳ್ಳಿ

ಮಾಸ್ತರರೇ, ಸ್ವರದ ಏರಿಳಿತದ ಬಗ್ಗೆ ನೀವು ಬರೆಯಲೇ ಇಲ್ಲ. ಗಂಗೂಬಾಯಿ, ಮನ್ಸೂರರು, ಭೀಮಸೇನ ಜೋಶಿಯವರನ್ನು ಕೊಟ್ಟ ನೆಲ ನಮ್ಮದು. ನಾಲ್ಕು ವರ್ಷ ಹಿಂದುಸ್ತಾನಿ ಕಲಿತ ಮಕ್ಕಳಿಗೆ ಈ ನಾಲ್ಕು ಸ್ವರ ಏನು ಲೆಕ್ಕ?

ಮರಳಿ ಬಂದವಳು, ವಿದ್ಯಾಗಿರಿ

ನಾನೂ ಹಾಗೆಂದುಕೊಂಡಿದ್ದೆ, ಆದರೆ ಅಷ್ಟು ಸರಳವಲ್ಲ. ಹಾಡುವವರ ಕಿವಿ ಸೂಕ್ಷ್ಮ, ಅದು ನಿಜ. ಮೊದಲನೆಯದು ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ, ಎರಡನೆಯದು ಏರುತ್ತದೆ, ಮೂರನೆಯದು ತಗ್ಗಿಗೆ ಇಳಿಯುತ್ತದೆ, ನಾಲ್ಕನೆಯದು ಧಡಕ್ಕನೆ ಬೀಳುತ್ತದೆ. ಒಂಟಿ ಪದದಲ್ಲಿ ಎಲ್ಲರೂ ಹೇಳುತ್ತಾರೆ. ವಾಕ್ಯದಲ್ಲಿ ಕೆಡುತ್ತದೆ. ನಮಗೆ ಪ್ರಶ್ನೆ ಕೇಳುವಾಗ, ಒತ್ತಿ ಹೇಳುವಾಗ, ಸಿಟ್ಟು ಬಂದಾಗ ದನಿ ಏರಿಸುವ ರೂಢಿಯಿದೆ. ನಮ್ಮ ಭಾಗದ ಮಾತಿನ ಚೆಂದವೇ ಆ ಎಳೆತದಲ್ಲಿದೆ. ಚೀನೀ ಭಾಷೆಯಲ್ಲಿ ಆ ಎಳೆತ ಪದದ ಅರ್ಥವನ್ನೇ ಬದಲಿಸುತ್ತದೆ. 'ಮಾಯ್' ಎಂಬುದನ್ನು ತಗ್ಗಿಸಿದರೆ ಕೊಳ್ಳುವುದು, ಬೀಳಿಸಿದರೆ ಮಾರುವುದು. ಸಂತೆಯಲ್ಲಿ ಈ ಎರಡು ಅದಲುಬದಲಾದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಜೊತೆಗೆ ಮೂರನೆಯ ಸ್ವರವೇ ಎರಡು ಸಲ ಒಟ್ಟಿಗೆ ಬಂದರೆ ಮೊದಲಿನದು ಎರಡನೆಯ ಸ್ವರವಾಗುತ್ತದೆ. ಎಲ್ಲರಿಗೂ ಗೊತ್ತಿರುವ 'ನಿ ಹಾವ್' ಕೂಡ ಹಾಗೆಯೇ. ಪದಗಳನ್ನು ಬಿಡಿಬಿಡಿಯಾಗಿ ಕಲಿಯದೆ ಜೋಡಿಯಾಗಿ ಕಲಿಯುವುದು ಒಳ್ಳೆಯದು.

ಹಾವೇರಿಯ ತಾಯಿ

ನನ್ನ ಮಗ ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಪಾಠ ಇಂಗ್ಲಿಷಿನಲ್ಲಿ ಎಂದು ಹೇಳಿ ಕಳಿಸಿದ್ದೆವು. ಆಸ್ಪತ್ರೆಯ ವಾರ್ಡಿಗೆ ಹೋಗುವ ವರ್ಷ ಬಂದಾಗ ಗೊತ್ತಾಯಿತು, ರೋಗಿಗಳು ಇಂಗ್ಲಿಷ್ ಮಾತನಾಡುವುದಿಲ್ಲ ಎಂದು. ಅವನ ಕಾಲೇಜಿನಲ್ಲಿ ಅದಕ್ಕೆ ಮೊದಲು ಎಚ್‌ಎಸ್‌ಕೆ ನಾಲ್ಕನೆಯ ಮಟ್ಟ ಪಾಸಾಗಲೇಬೇಕು. ಆದ್ದರಿಂದ ಭಾಷೆ ಮೊದಲು ಎನ್ನುವ ಮಾತು ನಿಜ.

ಮನೆಯವರ ಕಷ್ಟವನ್ನೂ ಒಂದಿಷ್ಟು ತಿಳಿದುಕೊಳ್ಳಮ್ಮಾ. ಅಲ್ಲಿ ವಾಟ್ಸ್‌ಆ್ಯಪ್ ನಡೆಯುವುದಿಲ್ಲ, ಗೂಗಲ್ ಇಲ್ಲ, ಯೂಟ್ಯೂಬ್ ಇಲ್ಲ. ಅವರೆಲ್ಲ ಬಳಸುವ ವೀಚಾಟ್ ನಮ್ಮಲ್ಲಿ 2020ರ ಜೂನ್‌ನಿಂದ ನಿಷೇಧ. ಮಗನ ಮುಖ ನೋಡಬೇಕೆಂದರೆ ಎರಡೂ ಸರ್ಕಾರಗಳು ನಡುವೆ ನಿಂತಿವೆ. ನಾವು ಸದ್ಯ ಅವನಿಗೆ ಇಲ್ಲಿಯ ಸಿಮ್‌ಗೆ ರೋಮಿಂಗ್ ಹಾಕಿಸಿದ್ದೇವೆ. ಅದರ ಡೇಟಾದಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತದೆ, ಆದರೆ ದುಬಾರಿ. ಅವರ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನಮ್ಮ ಊಟ ಮುಗಿಯುವ ಹೊತ್ತಿಗೆ ಅವನಿಗೆ ಮಧ್ಯರಾತ್ರಿ ಹತ್ತಿರ.

ಊಟದ ಬಗ್ಗೆ ಹೋಗಿ ಬಂದವರೇ ಹೇಳಲಿ. ನನ್ನ ಮಗ ಈಗ ಎಲ್ಲವನ್ನೂ ತಿನ್ನುತ್ತಾನೆಂದು ಅನುಮಾನ ಇದೆ, ನಾನು ಕೇಳಿಲ್ಲ, ಅವನು ಹೇಳಿಲ್ಲ.

ಗದಗಿನ ಹುಡುಗ, ಈಗ ತೈಪೆ

ಅಕ್ಕಾ, ಊಟದ ವಿಷಯವೇ ಮುಖ್ಯವಾಗಿದ್ದರೆ ತೈವಾನ್ ಕಣ್ಣುಮುಚ್ಚಿ ಆರಿಸಿಕೊಳ್ಳಬಹುದು. ಇಲ್ಲಿ ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಖಾನಾವಳಿಗಳು ಬಹಳ. ಎಷ್ಟೋ ಅಂಗಡಿಗಳ ಫಲಕದ ಮೇಲೆ ಸ್ವಸ್ತಿಕದ ಗುರುತೇ ಇರುತ್ತದೆ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಜೈನ ಗೆಳೆಯರಿಗೂ ಅನುಕೂಲ. ಮೊಟ್ಟೆ, ಹಾಲು ಇದ್ದರೆ ಅದನ್ನೂ ಬೇರೆಯಾಗಿ ಬರೆದಿರುತ್ತಾರೆ. 'ವೋ ಚ್ಹ್ರ್ ಸು' ಎಂದರೆ ನಾನು ಸಸ್ಯಾಹಾರಿ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ರೊಟ್ಟಿಯ ಆಸೆ ಬಿಡಬೇಕು. ಜೋಳ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಮದ್ಯದ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಇಲ್ಲಿ ಜೋಳದಿಂದ ಇಳಿಸುವ ಕಾವೊಲಿಯಾಂಗ್ ಬಲು ಪ್ರಸಿದ್ಧ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಶಿಕ್ಷಣ ಸಚಿವಾಲಯದ ಹುವಾಯು ವಿದ್ಯಾರ್ಥಿವೇತನ ಭಾಷೆ ಕಲಿಯಲೆಂದೇ ಇರುವಂಥದ್ದು. ಎರಡು, ಮೂರು, ಆರು, ಒಂಬತ್ತು ತಿಂಗಳು ಅಥವಾ ಒಂದು ವರ್ಷಕ್ಕೆ ಕೊಡುತ್ತಾರೆ. ತಿಂಗಳ ಹಣ ಕೈಗೆ ಬರುತ್ತದೆ, ಬೋಧನಾ ಶುಲ್ಕವನ್ನು ಅದರಿಂದಲೇ ಕಟ್ಟಿಕೊಳ್ಳಬೇಕು. ವಾರಕ್ಕೆ ಕನಿಷ್ಠ 15 ತಾಸು ತರಗತಿ, ಹಾಜರಿ ತಪ್ಪಿದರೆ ಹಣಕ್ಕೆ ಕತ್ತರಿ. ಕರ್ನಾಟಕದವರು ಚೆನ್ನೈನಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದ ಮೂಲಕ ಅರ್ಜಿ ಹಾಕುವುದು. ಎರಡು ಮೂರು ತಿಂಗಳ ಅವಧಿಯೂ ಇರುವುದರಿಂದ ಬಿ.ಎ. ಬಿಡದೆ ರಜೆಯಲ್ಲಿ ರುಚಿ ನೋಡಿ ಬರುವ ದಾರಿ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಭಾಷಾ ಕೇಂದ್ರಗಳಲ್ಲಿ ಹಳೆಯದು ಇಲ್ಲಿನ ಶಿಕ್ಷಕರ ವಿಶ್ವವಿದ್ಯಾಲಯದ್ದು, 1956ರಿಂದ ನಡೆಯುತ್ತಿದೆ.

ಲಿಪಿ ಮಾತ್ರ ಬೇರೆ. ಚೀನಾದಲ್ಲಿ 1950ರ ದಶಕದಲ್ಲಿ ಗೆರೆ ಕಡಿಮೆ ಮಾಡಿ ಸರಳಗೊಳಿಸಿದ ಅಕ್ಷರಗಳು, ಇಲ್ಲಿ ಹಳೆಯ ಪೂರ್ಣ ರೂಪ. ಉಚ್ಚಾರಣೆಗೂ ರೋಮನ್ ಬದಲು 37 ಚಿಹ್ನೆಗಳ ಒಂದು ಪದ್ಧತಿ ಇದೆ. ಅದರ ಸಾಲು ನೋಡಿದರೆ ಮಾಸ್ತರರಿಗೆ ಖುಷಿಯಾಗಬಹುದು. ತುಟಿಯವು ಮೊದಲು, ನಾಲಗೆಯ ತುದಿಯವು ಆಮೇಲೆ, ಕಂಠದವು ಅದರ ನಂತರ ಎಂದು ನಮ್ಮ ವರ್ಗಾಕ್ಷರಗಳ ಹಾಗೆ ಸ್ಥಾನ ಹಿಡಿದು ಜೋಡಿಸಿದ್ದಾರೆ. ಮತ್ತೆ, ಇಲ್ಲಿ ವಾಟ್ಸ್‌ಆ್ಯಪ್, ಗೂಗಲ್ ಎಲ್ಲ ನಡೆಯುತ್ತವೆ. ಹಾವೇರಿಯ ಅವ್ವನವರಿಗೆ ಬರೆದದ್ದು ಇದು.

ನಿವೃತ್ತ ಮಾಸ್ತರ, ಮಾಳಮಡ್ಡಿ

ಆ ಚಿಹ್ನೆಗಳ ವಿಷಯ ಗೊತ್ತಿತ್ತು, ಆದರೂ ಖುಷಿಯಾಯಿತು. ಹಳೆಯ ಗ್ರಂಥ ಓದುವ ಆಸೆ ಇದ್ದರೆ ಪೂರ್ಣ ರೂಪದ ಅಕ್ಷರ ಬೇಕೇ ಬೇಕು. ಪೂರ್ಣ ರೂಪ ಬಲ್ಲವರು ಸರಳ ರೂಪಕ್ಕೆ ಬೇಗ ಹೊಂದಿಕೊಳ್ಳುತ್ತಾರೆ, ತಿರುಗುಮುರುಗಾಗಿ ಕಷ್ಟ.

ಮರಳಿ ಬಂದವಳು, ವಿದ್ಯಾಗಿರಿ

ಇದಕ್ಕೆ ನನ್ನ ತಕರಾರಿದೆ, ಸರ್. ಕೆಲಸಕ್ಕಾಗಿ ಕಲಿಯುವವಳಿಗೆ ಸರಳ ರೂಪ ಸಾಕು. ದಿನಬಳಕೆಯ 3,500 ಅಕ್ಷರಗಳೇ ಒಂದು ಪರ್ವತ. ಅದರ ಮೇಲೆ ಇನ್ನೊಂದು ಪರ್ವತ ಹೇರುವುದು ಬೇಡ. ಕೈಬರಹವನ್ನೂ ನಾನು ಅಷ್ಟು ಒತ್ತಾಯಿಸುವುದಿಲ್ಲ. ಚೀನೀಯರೇ ಮೊಬೈಲ್‌ನಲ್ಲಿ ಉಚ್ಚಾರಣೆ ಒತ್ತಿ ಅಕ್ಷರ ಆರಿಸುತ್ತಾರೆ, ಪೆನ್ನು ಹಿಡಿದರೆ ತಡವರಿಸುತ್ತಾರೆ. ಎಚ್‌ಎಸ್‌ಕೆಯನ್ನೂ ಗಣಕಯಂತ್ರದಲ್ಲಿ ಬರೆಯಬಹುದು. ಮೊದಲ ಮುನ್ನೂರು ಅಕ್ಷರಗಳನ್ನು ಮಾತ್ರ ಕೈಯಿಂದ ಬರೆದು ಕಲಿ. ಗೆರೆಗಳ ಕ್ರಮ, ಅಕ್ಷರದೊಳಗಿನ ಭಾಗಗಳು ಅದರಿಂದ ತಲೆಯಲ್ಲಿ ಕೂರುತ್ತವೆ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಧ್ವನಿಯ ಸುಳಿವು. ಅದು ಗೊತ್ತಾದ ಮೇಲೆ ಹೆದರಿಕೆ ಹೋಗುತ್ತದೆ.

ಕುನ್‌ಮಿಂಗ್‌ನಲ್ಲಿ ಸಸ್ಯಾಹಾರ ಕಷ್ಟ, ಆದರೆ ಅಸಾಧ್ಯವಲ್ಲ. ಸೊಪ್ಪು, ತೋಫು, ಆಲೂಗಡ್ಡೆ, ಅಣಬೆ ಎಲ್ಲೆಲ್ಲೂ ಇವೆ. ಕಣ್ಣಿಗೆ ಕಾಣದ್ದೇ ತೊಂದರೆ ಕೊಡುವುದು: ಹಂದಿಯ ಕೊಬ್ಬು, ಸಿಂಪಿಯ ಸಾಸ್, ಮೂಳೆ ಕುದಿಸಿದ ನೀರು. ಮಾಂಸ ಬೇಡ ಎಂದರೆ ಮೇಲಿನ ಚೂರುಗಳನ್ನು ತೆಗೆದು ಕೊಟ್ಟು "ಈಗ ಸರಿಯಾಯಿತು" ಎಂದು ನಗುತ್ತಾರೆ. ಅಡುಗೆಮನೆ ಇರುವ ವಸತಿಗೃಹ ಸಿಕ್ಕರೆ ಒಂದು ಸಣ್ಣ ಕುಕ್ಕರ್, ಮನೆಯ ಖಾರಪುಡಿ, ಶೇಂಗಾ ಚಟ್ನಿ ಒಯ್ಯಿ.

ಗೋಕುಲ ರಸ್ತೆ

ನಾನು ಪ್ಯಾಕಿಂಗ್ ಯಂತ್ರಗಳನ್ನು ತರಿಸಿ ಮಾರುವವನು. ಗುವಾಂಗ್‌ಝೌನಲ್ಲಿ 1957ರಿಂದ ವರ್ಷಕ್ಕೆ ಎರಡು ಬಾರಿ ನಡೆಯುವ ಕ್ಯಾಂಟನ್ ಮೇಳಕ್ಕೆ ಹೋಗುತ್ತಿರುತ್ತೇನೆ. ಸಣ್ಣ ಸಾಮಾನಿಗೆ ಹುಬ್ಬಳ್ಳಿಯ ಬೇರೆ ವರ್ತಕರು ಯಿವು ಪೇಟೆಗೆ ಹೋಗುತ್ತಾರೆ. ಮೊಬೈಲ್ ಅನುವಾದದ ಬಗ್ಗೆ ನೇರಮಾತಿನವರು ಬರೆದದ್ದು ಅರ್ಧ ಸರಿ. ಮೋಟಾರಿನ ಶಕ್ತಿ ಎಷ್ಟು, ಬೆಲ್ಟಿನ ಅಗಲ ಎಷ್ಟು ಎಂಬುದಕ್ಕೆ ಮೊಬೈಲ್ ಸಾಕು. ಬೆಲೆಯ ಮಾತಿಗೆ ಕುಳಿತಾಗ, ಕೆಟ್ಟ ಬಿಡಿಭಾಗ ಯಾರ ತಪ್ಪು ಎಂದು ಜಗಳವಾದಾಗ ಮೊಬೈಲ್ ಮುಂದೆ ಹಿಡಿದವನನ್ನು ಅವರು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅವರ ಭಾಷೆಯಲ್ಲಿ ನಾಲ್ಕು ಮಾತು ಆಡಿ ಒಂದು ಚಹಾ ಕುಡಿದರೆ ವ್ಯವಹಾರದ ದಾರಿಯೇ ಬೇರೆ. ನಾನು ಪ್ರತಿ ಸಲವೂ ಅಲ್ಲಿ ದುಭಾಷಿಯನ್ನು ದಿನಗೂಲಿಗೆ ಹಿಡಿಯುತ್ತೇನೆ. ಅವಳು ಕಾರ್ಖಾನೆಯವರ ಪರವೋ ನನ್ನ ಪರವೋ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಆದರೂ ಹುಡುಗಿಗೆ ನಿಜ ಹೇಳಬೇಕು. ಬರೀ ಭಾಷೆಗೆ ಹುಬ್ಬಳ್ಳಿಯಲ್ಲಿ ಯಾರೂ ತಿಂಗಳ ಸಂಬಳ ಕೊಡುವುದಿಲ್ಲ. ಭಾಷೆಯ ಜೊತೆಗೆ ಆಮದಿನ ಕಾಗದಪತ್ರ, ಎಲ್.ಸಿ. (ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ), ಕಸ್ಟಮ್ಸ್ ತಿಳಿದವಳಾದರೆ ನಾನೇ ಕೆಲಸ ಕೊಡುತ್ತೇನೆ.

ಬ್ಯಾಡಗಿ ಪೇಟೆ

ಮೆಣಸಿನಕಾಯಿಗೂ ಇದೇ ಮಾತು. ಭಾರತದ ಒಣಮೆಣಸಿನಕಾಯಿಯ ದೊಡ್ಡ ಖರೀದಿದಾರರಲ್ಲಿ ಚೀನಾ ಒಂದು. ಅವರು ಕೇಳುವುದು ಹೆಚ್ಚಾಗಿ ಗುಂಟೂರು ಕಡೆಯ ತೇಜಾ ತಳಿ, ಖಾರಕ್ಕೆ. ನಮ್ಮದು ಬಣ್ಣಕ್ಕೆ ಹೆಸರಾದದ್ದು. ಅಲ್ಲಿಯ ಬೇಡಿಕೆ ಏರಿದರೆ ಇಳಿದರೆ ಇಲ್ಲಿಯ ದರದ ಮಾತೂ ಬದಲಾಗುತ್ತದೆ. ಅಲ್ಲಿನ ಪೇಟೆಯ ಸುದ್ದಿಯನ್ನು ಮೂಲದಲ್ಲೇ ಓದಿ ಹೇಳುವವರು ನಮ್ಮಲ್ಲಿ ನನಗೆ ತಿಳಿದಂತೆ ಯಾರೂ ಇಲ್ಲ.

ಮುಂಡಗೋಡ ರಸ್ತೆ, ತಡಸ

ಇಷ್ಟೆಲ್ಲ ಯಾಕೆ? ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಲಾಮಾಗಳ ಹತ್ತಿರ ಕಲಿಯಬಹುದಲ್ಲ, ಬಸ್ಸಿಗೆ ಹೋಗಿ ಬರಬಹುದು.

ನಿವೃತ್ತ ಮಾಸ್ತರ, ಮಾಳಮಡ್ಡಿ

ಅಲ್ಲಿ ಕಲಿಯುವುದಾದರೆ ಟಿಬೆಟನ್ ಭಾಷೆ ಕಲಿಯಬೇಕು. ಅದು ಬೇರೆ ಭಾಷೆ, ಬೇರೆ ಲಿಪಿ. ಆ ಲಿಪಿ ಬ್ರಾಹ್ಮಿಯಿಂದ ಬಂದದ್ದು, ಕನ್ನಡಕ್ಕೆ ದೂರದ ನೆಂಟ. ದೇಶ ಬಿಟ್ಟು ಬಂದವರ ಮುಂದೆ ಹೋಗಿ ಚೀನೀ ಕಲಿಸಿ ಎಂದು ಕೇಳುವ ಮುನ್ನ ಎರಡು ಸಲ ಯೋಚಿಸಿ.

ದೇಶದೊಳಗೇ ಕಲಿಯಬೇಕೆಂದರೆ ಶಾಂತಿನಿಕೇತನದ ಚೀನಾ ಭವನವಿದೆ, 1937ರದ್ದು. ದೆಹಲಿಯ ಜೆಎನ್‌ಯುನಲ್ಲಿ ಬಿ.ಎ.ಯಿಂದಲೇ ಚೀನೀ ಇದೆ, ಪ್ರವೇಶ ಸಿಯುಇಟಿ ಪರೀಕ್ಷೆಯಿಂದ. ನಮ್ಮ ಕಡೆಯ ಮಕ್ಕಳು ಆ ಅರ್ಜಿಗಳನ್ನು ತುಂಬುವುದೇ ಇಲ್ಲ. ಇನ್ನು, ಗದಗಿನಿಂದ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ನಡುವೆ ಚೀನಾಕ್ಕೆ ಹೋದರು, ಅಲ್ಲಿನ ಮಾತು ಕಲಿತು ಆ ಮಾತಿನಲ್ಲೇ ಪಾಠ ಹೇಳಿದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅಪ್ಪ ಯಾಕೆ ಚೀನಾ ಎಂದು ಕೇಳಿದರೆ ಇದನ್ನು ಹೇಳು.

ನೇರಮಾತು, ಹುಬ್ಬಳ್ಳಿ

ಕೋಟ್ನಿಸರ ಕಾಲ ಬೇರೆ, ಮಾಸ್ತರರೇ. ನನ್ನ ಮಾತಿಗೆ ಈಗಲೂ ಬದ್ಧ. ಸರ್ಕಾರಿ ನೌಕರಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮರಳಿ ಬಂದವಳು, ವಿದ್ಯಾಗಿರಿ

ಕೊಡುತ್ತೇನೆ. ನೇಮಕಾತಿಯ ಪರಿಶೀಲನಾ ನಮೂನೆಗಳಲ್ಲಿ ವಿದೇಶದಲ್ಲಿ ಎಷ್ಟು ಕಾಲ, ಎಲ್ಲಿ ಇದ್ದಿರಿ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಮುಚ್ಚಿಟ್ಟರೆ ತೊಂದರೆ. ಓದಿದ್ದಕ್ಕೆ ದಾಖಲೆ ಇರುವವಳು ಹೆದರಬೇಕಾದ್ದಿಲ್ಲ. ಪಿ.ಜಿ.ಯ ಗೆಳತಿಯರ ಮಾತನ್ನು ಅಷ್ಟಕ್ಕೇ ಬಿಡು.

ಸಪ್ತಾಪುರದ ಓದುಗಿ

ಇಷ್ಟೊಂದು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಬಿ.ಎ. ಬಿಡುವ ವಿಚಾರ ಕೈಬಿಟ್ಟಿದ್ದೇನೆ. ಮುಗಿಯುವುದರೊಳಗೆ ಮೂರನೆಯ ಮಟ್ಟ ಬರೆಯುತ್ತೇನೆ. ತೈವಾನಿನ ಎರಡು ಮೂರು ತಿಂಗಳ ಅವಧಿಯ ಬಗ್ಗೆ ಅಪ್ಪನ ಹತ್ತಿರ ಮಾತನಾಡಿದೆ. ಅವರು ಬೇಡ ಎಂದಿಲ್ಲ, ಸರಿ ಎಂದೂ ಇಲ್ಲ. ಗೋಕುಲ ರಸ್ತೆಯ ಅಣ್ಣನವರೇ, ಆಮದಿನ ಕಾಗದಪತ್ರ ಕಲಿಯಲು ರಜೆಯಲ್ಲಿ ನಿಮ್ಮ ಅಂಗಡಿಗೆ ಬರಬಹುದೇ?

ಇನ್ನೊಂದು ಪ್ರಶ್ನೆ. ಮುಂದೆ ಚೀನಾಕ್ಕೇ ಹೋಗುವುದಾದರೆ ಅಂಕಪಟ್ಟಿಗಳಿಗೆ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಬೇರೆ ದೇಶಗಳು ಒಪ್ಪುವ ಸರ್ಕಾರಿ ಮುದ್ರೆ) ಮಾಡಿಸಿದರೆ ಸಾಕು ಎಂದು ಒಬ್ಬರು ಹೇಳಿದರು. ಹೌದೇ?

ಗೋಕುಲ ರಸ್ತೆ

ಬಾರಮ್ಮಾ. ಅಪ್ಪನನ್ನೂ ಒಂದು ಸಲ ಕರೆದುಕೊಂಡು ಬಾ.

ಮರಳಿ ಬಂದವಳು, ವಿದ್ಯಾಗಿರಿ

ಅಪೊಸ್ಟಿಲ್ ಸಾಕಾಗುವುದಿಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ಚೀನಾ ಅಪೊಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ 2023ರ ನವೆಂಬರ್ 7ರಿಂದ ಅದನ್ನು ಜಾರಿಗೆ ತಂದಿತು. ಆದರೆ ಭಾರತ ಆಕ್ಷೇಪ ಎತ್ತಿದ್ದರಿಂದ ನಮ್ಮೆರಡು ದೇಶಗಳ ನಡುವೆ ಅದು ಅನ್ವಯಿಸುವುದಿಲ್ಲ. ವಿಶ್ವವಿದ್ಯಾಲಯ ದೃಢೀಕೃತ ಪ್ರತಿ ಕೇಳಿದರೆ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆಯ ಮೇಲೆ ಚೀನೀ ಕಾನ್ಸುಲೇಟಿನ ದೃಢೀಕರಣವೂ ಬೇಕು. ಕರ್ನಾಟಕದವರಿಗೆ ಅದು ಮುಂಬೈನಲ್ಲಿರುವುದು. ವೀಸಾಕ್ಕೂ ಅಲ್ಲಿಗೇ. 180 ದಿನ ಮೀರಿದ ಓದಿಗೆ ಎಕ್ಸ್1, ಅದಕ್ಕಿಂತ ಕಡಿಮೆಗೆ ಎಕ್ಸ್2. ಎಕ್ಸ್1 ತೆಗೆದುಕೊಂಡು ಹೋದವರು ತಲುಪಿದ 30 ದಿನದೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು. ವಸತಿಗೃಹದ ಹೊರಗೆ ಉಳಿದರೆ 24 ತಾಸಿನೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಐದು ವರ್ಷ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರಿನಿಂದ ಮತ್ತೆ ಶುರುವಾಗಿವೆ, ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮೊದಲನೆಯದು.

ಪಾಸ್‌ಪೋರ್ಟ್ ಇನ್ನೂ ಮಾಡಿಸದಿದ್ದರೆ ಈ ತಿಂಗಳೇ ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗು. ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್ ಮೂರರಲ್ಲೂ ನಿನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಒಂದೇ ಕ್ರಮದಲ್ಲಿವೆಯೇ ಎಂದು ಮೊದಲು ನೋಡಿಕೋ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಮುಂಬೈವರೆಗೆ ಹೋದ ಮೇಲೆ ಅದು ಗೊತ್ತಾಗಬಾರದು.